ನಿಲ್ಲಬಹುದು, ಬೈಕ್ ಹತ್ತುವಂತಿಲ್ಲ

ಮೂವತ್ತನಾಲ್ಕನೆಯ ವಯಸ್ಸಿಗೆ ನಾನು ನಿವೃತ್ತಳಾದೆ. ಹೀಗೆಂದು ನಾನು ಹೇಳುತ್ತಿಲ್ಲ, ಕೋಲಾರದ ನಮ್ಮ ಕಚೇರಿಯಲ್ಲಿ ಕಟ್ಟಿದ್ದ ಬ್ಯಾನರ್ ಹೇಳುತ್ತಿತ್ತು. ಗುತ್ತಿಗೆಯ ಮೇಲೆ ನಡೆಯುತ್ತಿದ್ದ ನಮ್ಮ ಯೋಜನೆ ಮುಗಿದಿತ್ತು, ಅದರ ಜೊತೆಗೆ ನನ್ನ ಫಿಸಿಯೋಥೆರಪಿ ಕೆಲಸವೂ ಮುಗಿದಿತ್ತು. ಅದೇ ವಾರ ಹಿರಿಯ ಗುಮಾಸ್ತರೊಬ್ಬರು ನಿಜವಾಗಿಯೂ ನಿವೃತ್ತರಾಗುತ್ತಿದ್ದರು. ಎರಡು ಸಲ ಶಾಮಿಯಾನ ಏಕೆ ಎಂದು ಒಂದೇ ಸಮಾರಂಭದಲ್ಲಿ ಇಬ್ಬರನ್ನೂ ಮುಗಿಸಿದರು. ಅವರಿಗೆ ಹೊದಿಸಿದಂಥದೇ ಶಾಲನ್ನು ನನಗೂ ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಮ್ಮ ಸಂಯೋಜಕರು ಇಬ್ಬರ ವಿಶ್ರಾಂತ ಜೀವನಕ್ಕೂ ಶುಭ ಕೋರಿದರು. ಐದು ವರ್ಷ ಊರೂರು ತಿರುಗಿ 'ವಿಶ್ರಾಂತಿ ಸಾಕು, ಎದ್ದು ನಡೆಯಿರಿ' ಎಂದು ಜನರ ಪ್ರಾಣ ತಿಂದವಳಿಗೆ ಇದಕ್ಕಿಂತ ತಕ್ಕ ಹಾರೈಕೆ ಸಿಗಲಾರದು.

ನಿವೃತ್ತರಾದವರು ಅನುಭವ ಬರೆಯುವುದು ವಾಡಿಕೆ. ನನ್ನ ಬಳಿ ಐದು ವರ್ಷದ ಡೈರಿಗಳಿವೆ. ಯಾವ ವಾರ ಯಾವ ಊರು, ಎಷ್ಟು ಜನ ಬಂದರು, ಯಾರು ಎಲ್ಲಿಯವರೆಗೆ ನಡೆದರು ಎಂಬುದನ್ನೆಲ್ಲ ಗೆರೆ ಎಳೆದು ಬರೆದಿದ್ದೇನೆ. ಚಿಕ್ಕಂದಿನಿಂದ ಬಂದ ಅಭ್ಯಾಸ, ಬಿಡಲಾಗಲಿಲ್ಲ. ಈಗ ಫಿಸಿಯೋಥೆರಪಿ ಓದಿ ಮುಗಿಸಿ ನಮ್ಮ ಕಡೆಯ ಆಸ್ಪತ್ರೆಗಳಿಗೆ ಬರುವ ಹುಡುಗ ಹುಡುಗಿಯರಿಗೆ ಆ ಲೆಕ್ಕಗಳಿಂದ ಹೆಚ್ಚು ಉಪಯೋಗವಿಲ್ಲ. ಲೆಕ್ಕಕ್ಕೆ ಸಿಗದೆ ಹೋದದ್ದನ್ನು ಹೇಳಿದರೆ ಸ್ವಲ್ಪ ಉಪಯೋಗವಾದೀತು.

ಕೆಲಸ ಹೀಗಿತ್ತು. ಸೋಮವಾರ ಕೋಲಾರ, ಮಂಗಳವಾರ ಮಾಲೂರು, ಬುಧವಾರ ಮುಳಬಾಗಿಲು, ಗುರುವಾರ ಶ್ರೀನಿವಾಸಪುರ. ಶುಕ್ರವಾರ ಹಳ್ಳಿ ಭೇಟಿ. ಕಾಲಿನ ರಕ್ತನಾಳ ಕಿರಿದಾದವರು ನಮ್ಮಲ್ಲಿಗೆ ಬರುತ್ತಿದ್ದರು. ಬಹುಪಾಲು ಬೀಡಿ ಸೇದಿದವರು, ಸಕ್ಕರೆ ಕಾಯಿಲೆಯವರು. ಕೂತಾಗ ಏನೂ ಇರುವುದಿಲ್ಲ. ನಡೆಯಲು ಶುರು ಮಾಡಿದರೆ ಸ್ವಲ್ಪ ದೂರಕ್ಕೆ ಮೀನಖಂಡ ಹಿಂಡಿದ ಹಾಗೆ ಹಿಡಿದುಕೊಳ್ಳುತ್ತದೆ. ನಿಂತರೆ ಬಿಡುತ್ತದೆ. ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ನಡೆಯುವ ಸ್ನಾಯು ಕೇಳುವಷ್ಟು ರಕ್ತ ಆ ಕಿರಿದಾದ ನಾಳದಲ್ಲಿ ಬರುವುದಿಲ್ಲ, ಅದಕ್ಕೆ. ಇದನ್ನು ವಯಸ್ಸಿನ ನೋವು ಅಂದುಕೊಂಡು ಜನ ನಡೆಯುವುದನ್ನೇ ಬಿಡುತ್ತಾರೆ. ಬಿಟ್ಟಷ್ಟೂ ಕಾಲು ಸೋಲುತ್ತದೆ.

ಮಾತ್ರೆ ಡಾಕ್ಟರು ಕೊಡುತ್ತಾರೆ, ಬೀಡಿ ಬಿಡಿ ಎಂದು ಅವರೇ ಬೈಯುತ್ತಾರೆ. ನನ್ನ ಪಾಲಿಗೆ ಉಳಿದದ್ದು ನಡಿಗೆ. ನೋವು ಜೋರಾಗುವವರೆಗೆ ನಡೆಯಬೇಕು, ನಿಲ್ಲಬೇಕು, ನೋವು ಪೂರ್ತಿ ಹೋದ ಮೇಲೆ ಮತ್ತೆ ನಡೆಯಬೇಕು. ನಡುವೆ ನಿಂತ ಹೊತ್ತೂ ಸೇರಿ ಅರ್ಧ ಗಂಟೆಯಿಂದ ಶುರು ಮಾಡಿ ಮುಂದಕ್ಕೆ ಬೆಳೆಸಬೇಕು. ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳಾದರೂ. ಕಿರಿದಾದ ನಾಳ ಇದರಿಂದ ಅಗಲವಾಗುವುದಿಲ್ಲ. ಆದರೆ ಸಿಕ್ಕಷ್ಟು ರಕ್ತದಲ್ಲೇ ಸಂಸಾರ ತೂಗಿಸುವುದನ್ನು ಸ್ನಾಯು ಕಲಿಯುತ್ತದೆ, ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ.

ಇಷ್ಟನ್ನು ಮೊದಲ ದಿನ ಮುಳಬಾಗಿಲಿನ ಒಬ್ಬ ದಿನಸಿ ಅಂಗಡಿಯವರಿಗೆ ಹೇಳಿದೆ. ಆಗ ತಾನೇ ಅವರ ತೋಳಿನ ಬಿಪಿ ನೋಡಿ, ಪಟ್ಟಿಯನ್ನು ಕಣಕಾಲಿಗೆ ಕಟ್ಟಿ ಅಲ್ಲಿಯದನ್ನೂ ನೋಡಿದ್ದೆ. ಎರಡನ್ನೂ ಹೋಲಿಸಿದರೆ ಕಾಲಿಗೆ ರಕ್ತ ಎಷ್ಟು ಇಳಿಯುತ್ತಿದೆ ಎಂದು ಅಂದಾಜಾಗುತ್ತದೆ. ಅವರಿಗೆ ಅದೇ ಅನುಮಾನಕ್ಕೆ ಕಾರಣವಾಗಿತ್ತು.

"ಕೈಗೆ ಬಿಪಿ ಇರೋದು ಗೊತ್ತು. ಕಾಲಿಗೂ ಬೇರೆ ಬಂದೈತಾ ಮೇಡಂ?" ಎಂದರು. ನಾನು ವಿವರಿಸಿದೆ. ನೋವು ಬರುವವರೆಗೆ ನಡೆಯಬೇಕು ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, "ನೋವು ಕಳೆಯೋಕೆ ಅಂತ ಬಂದ್ರೆ ನೀವು ನೋವು ತಂದ್ಕೊಳ್ಳಿ ಅಂತೀರ. ಅದಕ್ಕೆ ನಮ್ಮನೇಲೇ ಜನ ಇದಾರೆ" ಎಂದು ಹೊರಟುಹೋದರು. ಡೈರಿಯ 'ಮತ್ತೆ ಬಂದವರು' ಎಂಬ ಕಲಂನಲ್ಲಿ ಅವರ ಹೆಸರಿನ ಮುಂದಿನ ಜಾಗ ಇವತ್ತಿಗೂ ಖಾಲಿ ಇದೆ.

ನಮ್ಮ ಸಂಯೋಜಕರಿಗೆ ಈ ತೊಂದರೆಗಳು ತಿಳಿಯುತ್ತಿರಲಿಲ್ಲ, ಏಕೆಂದರೆ ಅವರು ಯಂತ್ರವನ್ನು ನಂಬಿದವರು. ಮೊದಲ ವರ್ಷವೇ ಒಂದು ಟ್ರೆಡ್‌ಮಿಲ್ ತರಿಸಿದರು. ಅದು ಬಂತು, ಅದಕ್ಕೆ ಬೇಕಾದ ಸ್ಟೆಬಿಲೈಜರ್ ಬರಲಿಲ್ಲ. ಕರೆಂಟಿಲ್ಲದೆಯೇ ಅದರ ಮೇಲೆ ನಿಂತು, ನಡೆಯುವವರ ಹಾಗೆ ಒಂದು ಕಾಲು ಮುಂದಿಟ್ಟು ಅವರು ಫೋಟೋ ತೆಗೆಸಿಕೊಂಡರು. ಆ ಫೋಟೋ ನಾಲ್ಕೂ ತಾಲ್ಲೂಕಿನ ಗೋಡೆಗಳಿಗೆ ಹೋಯಿತು. ಟ್ರೆಡ್‌ಮಿಲ್ ಮೇಲೆ ನಮ್ಮ ಅಟೆಂಡರ್ ಮಳೆಗಾಲದಲ್ಲಿ ಕೊಡೆ ಒಣಗಿಸುತ್ತಿದ್ದರು. ನಡಿಗೆಯ ಪ್ರಗತಿ ಪರಿಶೀಲನಾ ಸಭೆಗಳು ಮೂರನೆಯ ಮಹಡಿಯಲ್ಲಿ ನಡೆಯುತ್ತಿದ್ದವು. ಲಿಫ್ಟ್ ಕೆಟ್ಟ ದಿನ ಸಭೆಯನ್ನು ಮುಂದಕ್ಕೆ ಹಾಕುತ್ತಿದ್ದರು.

ನಾನು ಆಯಾ ಊರಿನ ಆಸ್ಪತ್ರೆಯ ಉದ್ದನೆಯ ವರಾಂಡವನ್ನೇ ಬಳಸಿದೆ. ಅದರ ಕಂಬಗಳೇ ನನ್ನ ಅಳತೆ. ಯಾವ ಕಂಬದ ಹತ್ತಿರ ನೋವು ಶುರುವಾಯಿತು, ಯಾವ ಕಂಬದ ಹತ್ತಿರ ನಿಂತರು ಎಂದು ಬರೆದುಕೊಂಡರೆ ಮುಗಿಯಿತು.

ಹೊಸಬರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಡೆಸುವ ಮೊದಲು ಪಾದ ನೋಡಿ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಹೆಂಗಸೊಬ್ಬರು ಬಂದರು. ನಾನು ಕರೆಯದೆಯೇ ವರಾಂಡದಲ್ಲಿ ನಡೆಯಲು ಸಿದ್ಧರಾಗಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಪಾದ ನೋಡಿದರೆ ಬೆರಳ ತುದಿ ಕಪ್ಪಾಗಿತ್ತು, ಅಡಿಯಲ್ಲಿ ವಾಸಿಯಾಗದ ಗಾಯ. ರಾತ್ರಿ ಮಲಗಿದಾಗಲೂ ನೋವಂತೆ. ಅಂಥವರನ್ನು ನಡೆಸುವುದಲ್ಲ, ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕಳಿಸಿದೆ. ಎಲ್ಲರಿಗೂ ಹೇಳಿಕೊಡುವ ನಡಿಗೆಯನ್ನು ತನಗೆ ಮಾತ್ರ ಹೇಳಿಕೊಡಲಿಲ್ಲ ಎಂದು ಆಕೆಗೆ ಬಹಳ ಬೇಸರವಾಯಿತು. ನಡೆಯುತ್ತೇನೆಂದು ತಾವಾಗಿ ಬಂದವರು ಆ ವರ್ಷ ಅವರೊಬ್ಬರೇ, ನಾನು ಬೇಡವೆಂದದ್ದೂ ಅವರೊಬ್ಬರಿಗೇ. ಬೆರಳು ಹೋಯಿತು, ಪಾದ ಉಳಿಯಿತು. ಆಮೇಲೆ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದ್ದರು.

ಇನ್ನು ಅಂಜಿನಪ್ಪನವರ ವಿಷಯ. ಐದು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಅವರ ಎಡಗಾಲಿನಿಂದ ಕಲಿತದ್ದು.

ಅವರು ಹುತ್ತೂರಿನ ಹತ್ತಿರದ ಒಂದು ಹಳ್ಳಿಯ ನೀರುಗಂಟಿ. ಟ್ಯಾಂಕಿನಿಂದ ಶುರು ಮಾಡಿ ಬೀದಿ ಬೀದಿಯ ವಾಲ್ವ್ ತಿರುಗಿಸಿ ಕುಡಿಯುವ ನೀರು ಬಿಡುವುದು ಅವರ ಕೆಲಸ. ವಾಲ್ವ್ ತಿರುಗಿಸಲು ಎದೆಯೆತ್ತರದ ಕಬ್ಬಿಣದ ಕೀ ಒಂದಿದೆ. ಅದನ್ನು ಹೆಗಲ ಮೇಲೆ ಇಟ್ಟುಕೊಂಡೇ ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಕೋಲಾರದ ಕ್ಲಿನಿಕ್ಕಿಗೆ ಬಂದರು. ಜೊತೆಗೆ ಹೆಂಡತಿ ನಾರಾಯಣಮ್ಮ. ಕೀಯನ್ನು ಹೊರಗಿಟ್ಟು ಬನ್ನಿ ಎಂದು ಅಟೆಂಡರ್ ಹೇಳಿದರೆ ಅಂಜಿನಪ್ಪ ಒಪ್ಪಲಿಲ್ಲ. ಬೆಂಗಳೂರಿನ ರಕ್ತನಾಳದ ಡಾಕ್ಟರು ಬರೆದ ಚೀಟಿ ತೋರಿಸಿದರು. ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ, ಬೀಡಿ ಬಿಡುವುದು, ನಡಿಗೆ. ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ನೋಡುವುದು.

ತೊಂದರೆ ಏನೆಂದು ಕೇಳಿದೆ. ಅಂಜಿನಪ್ಪ ಬಾಯಿ ತೆರೆಯುವ ಮೊದಲೇ ನಾರಾಯಣಮ್ಮ ಹೇಳಿದರು: "ಬೀದಿ ಮಧ್ಯ ಗಕ್ಕನೆ ನಿಂತ್ಕೊಂಡ್‌ಬಿಡ್ತಾರೆ ಮೇಡಂ. ಪೈಪ್ ಒಡೀತು ಅಂತ ಜನ ಬಿಂದಿಗೆ ತಗೊಂಡು ಓಡಿ ಬರ್ತಾರೆ."

ಅಂಜಿನಪ್ಪ ನಗಲಿಲ್ಲ. ಅವರ ಚಿಂತೆ ಕಾಲಿನದಲ್ಲ, ಕೀಯದು. ಊರಿನ ಮೇಲಿನ ಬೀದಿಗೆ ನೀರು ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಎಂದು ಅಲ್ಲಿಯ ಹೆಂಗಸರು ಪಂಚಾಯಿತಿಗೆ ದೂರು ಕೊಟ್ಟಿದ್ದರು. ಊರಿನ ಮೆಂಬರಿಗೆ ಸೀನ ಎಂಬ ಬಾಮೈದ ಇದ್ದ. ಕೆಲಸ ಇರಲಿಲ್ಲ, ಗಟ್ಟಿ ಕಾಲುಗಳಿದ್ದವು. ಯುಗಾದಿವರೆಗೆ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಕೀ ಸೀನನಿಗೆ ಕೊಟ್ಟುಬಿಡಿ ಎಂದು ಮೆಂಬರು ಹೇಳಿದ್ದರು.

"ಸಂಬಳ ಏನು ದೊಡ್ಡದಲ್ಲಮ್ಮ," ಅಂಜಿನಪ್ಪ ಹೇಳಿದರು. "ನಮ್ಮಪ್ಪ ಕೆರೆ ತೂಬು ನೋಡ್ಕೊಳ್ತಿದ್ದ, ನಾನು ವಾಲ್ವು. ಈ ಕೀ ಹೋದ್ರೆ ಆಮೇಲೆ ಊರಲ್ಲಿ ನನ್ನ ಏನಂತ ಕರೀತಾರೆ?"

ನಾನು ಪಾದ ನೋಡಿದೆ. ಗಾಯವಿಲ್ಲ. ಪಾದದ ನಾಡಿ ಮಾತ್ರ ಬೆರಳಿಗೆ ಸಿಗಲೊಲ್ಲದು. ವರಾಂಡದಲ್ಲಿ ನಡೆಸಿದರೆ ನಾಲ್ಕನೆಯ ಕಂಬಕ್ಕೆ ನಿಂತರು. ನಡಿಗೆಯ ಕ್ರಮ ವಿವರಿಸಿದೆ. ಬೇರೆಯವರಿಗೆ ನಡೆಯಲು ಹೊತ್ತು ಹುಡುಕಿಕೊಡಬೇಕು, ಇವರ ಕೆಲಸವೇ ನಡಿಗೆ. ಬೆಳಗ್ಗೆ ಟ್ಯಾಂಕಿನಿಂದ ಮೇಲಿನ ಬೀದಿಯವರೆಗೆ ವಾಲ್ವಿನಿಂದ ವಾಲ್ವಿಗೆ ನಡೆದರೆ ಚಿಕಿತ್ಸೆಯೂ ಆಯಿತು, ಕರ್ತವ್ಯವೂ ಆಯಿತು. ಇಷ್ಟು ಸಲೀಸಾದ ಕೇಸ್ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ ಎಂದು ಅವತ್ತಿನ ಡೈರಿಯಲ್ಲಿ ಬರೆದಿದ್ದೇನೆ.

ಮುಂದಿನ ಸೋಮವಾರಗಳಲ್ಲಿ ಅಂಜಿನಪ್ಪ ತಪ್ಪದೆ ಬಂದರು. ನಡೆದಿರಾ ಎಂದರೆ ದಿನಾ ಎನ್ನುವರು. ನೋವು ಬಂದಾಗ ನಿಂತಿರಾ ಎಂದರೆ ನಿಂತೆ ಎನ್ನುವರು. ಆಮೇಲೆ? ಆಮೇಲೆ ಮೇಲಿನ ಬೀದಿಯವರೆಗೂ ನೋವೇ ಇರಲಿಲ್ಲ ಎನ್ನುವರು. ನಾನು ಸಂತೋಷದಿಂದ ಬರೆದುಕೊಂಡೆ. ತಿಂಗಳ ಸಭೆಯಲ್ಲಿ ಸಂಯೋಜಕರು ಅಂಜಿನಪ್ಪನವರನ್ನು ಯೋಜನೆಯ ಯಶೋಗಾಥೆ ಎಂದು ಓದಿ ಹೇಳಿದರು. ವರಾಂಡದಲ್ಲಿ ಮಾತ್ರ ಯಶೋಗಾಥೆ ನಾಲ್ಕನೆಯ ಕಂಬದ ಹತ್ತಿರವೇ ನಿಲ್ಲುತ್ತಿತ್ತು. ಒಂದು ವಾರವಂತೂ ಮೂರಕ್ಕೇ ನಿಂತಿತು.

ಊರಲ್ಲಿ ಓಡುವ ಕಾಲು ಕೋಲಾರದಲ್ಲಿ ಯಾಕೆ ನಿಲ್ಲುತ್ತದೆ? ಅಂಜಿನಪ್ಪ ವರಾಂಡದ ಮೇಲೆ ತಪ್ಪು ಹೊರಿಸಿದರು. ಆಸ್ಪತ್ರೆ ನೆಲ ನುಣುಪು, ಕಾಲು ಹಿಡಿಯುತ್ತದೆ ಎಂದರು. ನಾನು ಒಂದು ಕ್ಷಣ ಅದನ್ನೂ ನಂಬಿದೆ. ಶುಕ್ರವಾರ ಬೆಳಗ್ಗೆ ಬಸ್ಸು ಹತ್ತಿ ಹುತ್ತೂರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಅವರ ಊರಿಗೆ ಹೋದೆ.

ಹಾಲಿನ ಡೇರಿಯ ಮುಂದೆ ನಿಂತರೆ ಟ್ಯಾಂಕಿನಿಂದ ಬರುವ ರಸ್ತೆ ಪೂರ್ತಿ ಕಾಣುತ್ತದೆ. ಅಂಜಿನಪ್ಪ ಕೀ ಹೊತ್ತು ಹೊರಟರು. ಸ್ವಲ್ಪ ದೂರ ನಡೆದರು, ನೋವು ಬಂದಿರಬೇಕು, ನಾನು ಹೇಳಿಕೊಟ್ಟ ಹಾಗೆಯೇ ನಿಂತರು. ನಿಂತು ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಬೈಕ್ ಬಂದು ಪಕ್ಕದಲ್ಲಿ ನಿಂತಿತು.

"ಎಕ್ಕು ಮಾಮಾ," ಎಂದ ಬೈಕಿನವನು. ಹತ್ತು ಮಾವ ಎಂದು. ನಮ್ಮ ಕಡೆ ಕರುಣೆ ಸಾಮಾನ್ಯವಾಗಿ ತೆಲುಗಿನಲ್ಲೇ ಬರುತ್ತದೆ. ಅಂಜಿನಪ್ಪ ಕೀಯನ್ನು ಭರ್ಜಿಯ ಹಾಗೆ ಅಡ್ಡ ಹಿಡಿದು ಹತ್ತಿದರು.

ನಾನು ಹಿಂದೆ ನಡೆದೆ. ಬೈಕಿನವನು ಅವರನ್ನು ನೇರವಾಗಿ ತನ್ನ ಬೀದಿಗೆ ಕರೆದೊಯ್ದು, ಅಲ್ಲಿಯ ವಾಲ್ವ್ ಮೊದಲು ತಿರುಗಿಸಿಕೊಂಡು, ಟೀ ಕುಡಿಸಿ, ಒಂದು ಬೀಡಿ ಕೊಟ್ಟ. ಅಲ್ಲಿಂದ ಅವರು ಹೊರಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇನ್ನೊಂದು ಬೀದಿಯ ಸ್ಕೂಟರ್ ಬಂತು. ಅಲ್ಲಿಯೂ ವಾಲ್ವ್, ಟೀ, ಬೀಡಿ. ಮೇಲಿನ ಬೀದಿಯ ಗಂಡಸರು ಬೆಳಗ್ಗೆಯೇ ವೇಮಗಲ್ಲಿನ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೊರಟುಹೋಗಿರುತ್ತಾರೆ. ಅಲ್ಲಿ ಉಳಿಯುವುದು ಹೆಂಗಸರು ಮತ್ತು ಬಿಂದಿಗೆ. ಆ ಬೀದಿಗೆ ಅಂಜಿನಪ್ಪನವರನ್ನು ಕೂರಿಸಿಕೊಂಡು ಹೋಗುವವರೇ ಇಲ್ಲ. ಎಲ್ಲ ಮುಗಿದ ಮೇಲೆ ಆ ಏರನ್ನು ಮಾತ್ರ ಅವರು ತಮ್ಮ ಕಾಲಿನಲ್ಲಿ ಹತ್ತಬೇಕು. ಅರ್ಧ ಏರಿಗೆ ಕಾಲು ಹಿಡಿಯುತ್ತದೆ, ಮೋರಿಯ ಕಟ್ಟೆಯ ಮೇಲೆ ಕೂರುತ್ತಾರೆ. ನೀರು ತಡವಾಗುತ್ತದೆ.

ಆ ಕಟ್ಟೆಯ ಮೇಲೆಯೇ ಅವರನ್ನು ಹಿಡಿದೆ. ಕಿವಿಯ ಮೇಲೆ ಒಂದು ಬೀಡಿ ಇತ್ತು. ನನ್ನನ್ನು ಕಂಡು ಅವರು ಹೆದರಲಿಲ್ಲ, ನ್ಯಾಯ ಕೇಳುವವರ ಹಾಗೆ ಮಾತಾಡಿದರು.

"ನೀವು ಹೇಳಿದ್ದೇ ಮಾಡ್ದೆ ಮೇಡಂ. ನೋವು ಬಂತು, ನಿಂತೆ. ನಿಂತ್ರೆ ಇವ್ರು ಬಿಡಲ್ಲ. ಹತ್ತಲ್ಲ ಅಂದ್ರೆ, ಏನ್ ಮಾವ, ನಮ್ಮೇಲೆ ಕೋಪನಾ ಅಂತಾರೆ. ನೀವಾದ್ರೂ ಬೈಕ್ ಹತ್ಬೇಡ ಅಂತ ಒಂದ್ ಮಾತು ಅಂದಿದ್ರಾ?"

ಅಂದಿರಲಿಲ್ಲ. ಪಠ್ಯಪುಸ್ತಕದಲ್ಲೂ ಅದು ಇಲ್ಲ. ನಿಲ್ಲಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಇದೆ. ರಸ್ತೆಯಲ್ಲಿ ಹಿರಿಯರೊಬ್ಬರು ನಿಂತಿದ್ದರೆ ಗಾಡಿ ನಿಲ್ಲಿಸದೆ ಮುಂದೆ ಹೋಗುವವನು ಮನುಷ್ಯನೇ ಅಲ್ಲ ಎಂದು ನಂಬಿದ ಊರುಗಳನ್ನು ಪುಸ್ತಕ ಬರೆದವರು ನೋಡಿಲ್ಲ. ನಾನು ನೋಡಿದ್ದೆ. ಮಾಲೂರಿನಲ್ಲಿ ಅಂಥದೇ ಬೈಕುಗಳ ಹಿಂದೆ ಕೂತು ಬೆಳೆದವಳು ನಾನು. ಆದರೂ ಹೊಳೆದಿರಲಿಲ್ಲ. ಇನ್ನು ನೀರು ಬಿಡುವವರಿಗೆ ಲಿಫ್ಟ್ ಕೊಡುವುದರಲ್ಲಿ ಕರುಣೆ ಎಷ್ಟು, ನೀರು ಎಷ್ಟು ಎಂದು ಬೇರೆ ಮಾಡುವುದು ಯಾವ ಪ್ರಯೋಗಾಲಯಕ್ಕೂ ಆಗದ ಕೆಲಸ.

ನಾನು ಮಾಡಿದ ಮುಂದಿನ ಕೆಲಸ ಇನ್ನೂ ದಡ್ಡತನದ್ದು. ಟೀ ಅಂಗಡಿಯ ಮುಂದಿದ್ದ ಗಂಡಸರನ್ನು ಸೇರಿಸಿ, ಅಂಜಿನಪ್ಪನವರಿಗೆ ರಕ್ತನಾಳದ ಕಾಯಿಲೆ ಇದೆ, ದಯವಿಟ್ಟು ಯಾರೂ ಅವರನ್ನು ಗಾಡಿಯಲ್ಲಿ ಕೂರಿಸಿಕೊಳ್ಳಬೇಡಿ ಎಂದು ಕೇಳಿಕೊಂಡೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸೋಮವಾರ ನಾರಾಯಣಮ್ಮ ಒಬ್ಬರೇ ಬಂದರು, ಕೂರಲೂ ಇಲ್ಲ.

"ಏನ್ ಹೇಳಿ ಬಂದ್ರಿ ಮೇಡಂ ನೀವು? ಪಕ್ಕ ಕೂತ್ರೆ ಅಂಟೋ ಕಾಯಿಲೆ ಅಂತ ಊರೆಲ್ಲ ಮಾತಾಡ್ತೈತೆ. ನಮ್ಮನೆ ಹಾಲು ಡೇರೀಲಿ ತಗೊಳ್ತಾರೋ ಇಲ್ವೋ ಅಂತ ನನಗೆ ಭಯ."

ನಾನು ತಲೆ ತಗ್ಗಿಸಿ, ಈಗಲಾದರೂ ನಡೆಯುತ್ತಿದ್ದಾರಾ ಎಂದು ಕೇಳಿದೆ.

"ಎಲ್ಲಿಂದ? ಪಾಪ, ಇಂಥ ಕಾಯಿಲೆ ಬಂತು ಅಂತ ದೂರ ಮಾಡಬಾರ್ದು ಅಂತ ಈಗ ಮೊದ್ಲು ಕೂರಿಸ್ಕೊಳ್ದೆ ಇದ್ದವರೂ ಕೂರಿಸ್ಕೊಳ್ತಾರೆ. ನಿನ್ನೆ ಆ ಮೆಂಬರೂ ಕಾರ್ ನಿಲ್ಲಿಸಿದ್ರು."

ನನಗೆ ಹೊಳೆದ ಉಪಾಯಗಳೆಲ್ಲ ಅಲ್ಲಿಗೆ ಮುಗಿದವು. ನಾರಾಯಣಮ್ಮ ಮಾತು ಮುಂದುವರಿಸಿ ಗಂಡನ ಮೇಲಿನ ಬೇರೆ ದೂರುಗಳಿಗೆ ಬಂದರು. ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಖಾಲಿ ಚೀಲಗಳನ್ನು ಮನೆಗೆ ತರುತ್ತಾರೆ, ವಾಸನೆಗೆ ತಲೆನೋವು ಬರುತ್ತದೆ, ಒಂದು ಚೀಲ ತಾಗಿ ಅವರ ಹೊಸ ಸೀರೆಯ ಬಣ್ಣ ಹೋಗಿದೆ. "ಆ ಚೀಲ ಕೈಲಿದ್ರೆ ನಾನೇ ಬಾಗ್ಲು ತೆಗೆಯಲ್ಲ, ದೂರದಿಂದ್ಲೇ..." ಎಂದವರು ಮಾತು ನಿಲ್ಲಿಸಿದರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಮಾರನೆಯ ದಿನದಿಂದ ಅಂಜಿನಪ್ಪನವರ ಒಂದು ಹೆಗಲಿನಲ್ಲಿ ಕೀ, ಇನ್ನೊಂದು ಕೈಯಲ್ಲಿ ಝಾಡಿಸಿ ಮಡಿಸಿದ ಖಾಲಿ ಚೀಲ. ಒಳಗೆ ಏನೂ ಇಲ್ಲ, ವಾಸನೆ ಮಾತ್ರ. ಊರು ಬದಲಾದದ್ದನ್ನು ನೋಡಲು ನಾನು ಶುಕ್ರವಾರ ಮತ್ತೆ ಹೋದೆ. ಮೊದಲ ಬೈಕ್ ಅವರು ನಿಂತ ಜಾಗಕ್ಕೆ ಬಂದು ನಿಧಾನವಾಯಿತು. ಬೈಕಿನವನು ಚೀಲ ನೋಡಿದ, ತನ್ನ ಬಿಳಿ ಅಂಗಿ ನೋಡಿಕೊಂಡ.

"ಪೌಡರಾ ಮಾಮಾ?"

"ಹೂಂ ಕಣಪ್ಪ. ಹತ್ಲಾ?"

"ಅರ್ಜೆಂಟ್ ಐತೆ ಮಾಮಾ, ಆಮೇಲ್ ಬರ್ತೀನಿ," ಎಂದು ಅವನು ಹೊರಟುಹೋದ. ಆಮೇಲೆ ಬಂದವರೆಲ್ಲರಿಗೂ ಅರ್ಜೆಂಟೇ ಇತ್ತು. ಕರುಣೆಗೂ ಅಂಗಿಯ ಬಣ್ಣಕ್ಕೂ ಪೈಪೋಟಿ ಬಿದ್ದರೆ ಯಾವುದು ಗೆಲ್ಲುತ್ತದೆ ಎಂಬ ಬಗ್ಗೆ ಅಂದಿನಿಂದ ನನಗೆ ಸಂಶಯ ಉಳಿದಿಲ್ಲ. ಗಾಡಿ ಹೋದ ಮೇಲೆ ಟೀ ಹೋಯಿತು, ಟೀ ಹೋದ ಮೇಲೆ ಪುಕ್ಕಟೆ ಬೀಡಿ ಹೋಯಿತು. ಸ್ವಂತ ದುಡ್ಡಿನ ಬೀಡಿಗೆ ನಾರಾಯಣಮ್ಮನ ಕಾವಲಿತ್ತು. ನನ್ನ ಮಾತಿನಿಂದ ಆಗದ ಬೀಡಿ ತ್ಯಾಗ ಒಂದು ಚೀಲದಿಂದ ಬಹುಪಾಲು ಆಯಿತು. ಪೂರ್ತಿ ಆಯಿತೆಂದು ನಾನು ಬರೆದುಕೊಂಡಿಲ್ಲ.

ಮೊದಲ ವಾರಗಳು ಸುಖದವಲ್ಲ. ಲಿಫ್ಟ್ ಇಲ್ಲದೆ ಎಲ್ಲ ವಾಲ್ವ್‌ಗಳಿಗೂ ನಡೆಯಬೇಕಾಗಿ ಬಂದು ನೀರು ಎಲ್ಲ ಬೀದಿಗೂ ತಡವಾಯಿತು. ಮೊದಲು ಒಂದೇ ಬೀದಿಯ ದೂರಿತ್ತು, ಈಗ ಊರಿನದೇ ದೂರು. ಸೀನ ಟ್ಯಾಂಕಿನ ಹತ್ತಿರ ಬಂದು ಕೀಯ ತೂಕ ನೋಡಿ ಹೋದನಂತೆ. ಅಂಜಿನಪ್ಪ ಸೋಮವಾರ ಬಂದು ಕೀಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು.

ಆಮೇಲೆ ಕೇಳಿದರು: "ನಿಜ ಹೇಳಮ್ಮ. ಇದು ಆಗೋ ಕೆಲಸನಾ, ಇಲ್ಲಾ ನಿಮ್ಮ ಆಫೀಸ್ನೋರಿಗೆ ಲೆಕ್ಕ ತೋರಿಸೋಕಾ?"

ಎರಡೂ ಹೌದು ಎಂದೆ. ಅವರಿಗೆ ಆ ಉತ್ತರ ಹಿಡಿಸಿತು ಅಂತ ಕಾಣುತ್ತದೆ. ಎದ್ದು ತಾವೇ ವರಾಂಡಕ್ಕೆ ಹೋದರು. ನಾಲ್ಕನೆಯ ಕಂಬ ದಾಟಿ, ಐದನ್ನು ಮುಟ್ಟಿ ನಿಂತರು. ಆ ಕಂಬವನ್ನು ಎರಡು ಸಲ ತಟ್ಟಿದರು.

ಸಂಕ್ರಾಂತಿ ಕಳೆಯಿತು. ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಕೆಲವು ವಾರ ಒಂದೂ ಸರಿಯಲಿಲ್ಲ. ಶಿವರಾತ್ರಿಯ ಹೊತ್ತಿಗೆ ವರಾಂಡದ ಕೊನೆಯ ಗೋಡೆ ಬಂತು. ಸಂಯೋಜಕರು ಯಶೋಗಾಥೆಯನ್ನು ಎರಡು ತಿಂಗಳ ಹಿಂದೆಯೇ ಓದಿ ಮುಗಿಸಿದ್ದರಿಂದ ಈ ಸುದ್ದಿಯನ್ನು ಯಾರಿಗೂ ಹೇಳುವ ಅವಕಾಶವಿರಲಿಲ್ಲ.

ಯುಗಾದಿಗೆ ಮುಂಚೆ ಮೇಲಿನ ಬೀದಿಯ ಹೆಂಗಸರು ಮತ್ತೆ ಪಂಚಾಯಿತಿಗೆ ಹೋದರು. ಮೆಂಬರು ಸೀನನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಅಂಜಿನಪ್ಪನವರನ್ನೂ ಕರೆಸಿದ್ದರು. ಅವರು ಕೀ ಹಿಡಿದುಕೊಂಡೇ ಹೋಗಿ, ಒಪ್ಪಿಸಲು ಹೇಳಿದರೆ ಒಪ್ಪಿಸಿಬಿಡುವುದು ಎಂದು ಬಾಗಿಲ ಬಳಿ ನಿಂತಿದ್ದರಂತೆ. ಹೆಂಗಸರು ಹೇಳಿದ ದೂರನ್ನು ನಾರಾಯಣಮ್ಮ ನನ್ನ ಮುಂದೆ ಅಭಿನಯಿಸಿ ತೋರಿಸಿದರು: "ಈಗ ನೀರು ಬೇಗ ಬರ್ತೈತೆ ಸ್ವಾಮಿ. ನಾವು ಡೇರಿಗೆ ಹಾಲು ಹಾಕಿ ಬರೋಷ್ಟರಲ್ಲಿ ಬಂದು ಮೋರಿಗೆ ಹರಿದೋಗ್ತೈತೆ. ಸ್ವಲ್ಪ ನಿಧಾನ ಮಾಡೋಕೆ ಹೇಳಿ."

ಮೆಂಬರು ಸೀನನ ಕಡೆ ನೋಡಿದರಂತೆ, ಸೀನ ಸೀಲಿಂಗ್ ಫ್ಯಾನ್ ಕಡೆ ನೋಡಿದನಂತೆ. ನಿಧಾನ ಎಂದು ಒಬ್ಬರ ಕೆಲಸ ಕಿತ್ತುಕೊಳ್ಳಬಹುದು, ಬೇಗ ಎಂದು ಕಿತ್ತುಕೊಳ್ಳಲು ಯಾರಿಗೂ ಬಾಯಿ ಬರಲಿಲ್ಲ. ಕೀ ಅಂಜಿನಪ್ಪನವರ ಹೆಗಲ ಮೇಲೆಯೇ ಮನೆಗೆ ಬಂತು. ಬೆಂಗಳೂರಿನ ಡಾಕ್ಟರೂ ನೋಡಿ, ಹೀಗೇ ನಡೆಯುತ್ತಿರಿ, ಮಾತ್ರೆ ಬಿಡಬೇಡಿ, ಸದ್ಯಕ್ಕೆ ಬೇರೇನೂ ಬೇಡ ಎಂದು ಕಳಿಸಿದರು. ಕಾಯಿಲೆ ಹೋಗಿಲ್ಲ. ಅದು ಹೋಗುವಂಥದ್ದೂ ಅಲ್ಲ. ಏರಿನಲ್ಲಿ ಇವತ್ತಿಗೂ ಕಾಲು ಹಿಡಿಯುತ್ತದೆ, ಮೊದಲಿನಷ್ಟು ಬೇಗ ಅಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನಮ್ಮ ಜಿಲ್ಲೆಯ ಕಥೆಯಾಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ, ಕಾಲಿನ ಕಾಯಿಲೆ ಇಟ್ಟುಕೊಂಡು ಒಬ್ಬ ಮನುಷ್ಯ ಊರಿಗಾಗಿ ಇಷ್ಟು ನಡೆಯುತ್ತಿದ್ದಾನಲ್ಲ ಎಂದು ಪಂಚಾಯಿತಿಯವರ ಮನಸ್ಸು ಕರಗಿತು. ಎಲ್ಲರೂ ಸೇರಿ ಅವರಿಗೆ ಒಂದು ಹಳೆಯ ಸ್ಕೂಟರ್ ಕೊಡಿಸಿದರು. ಹಾರ ಹಾಕಿ, ಇನ್ನು ಮೇಲೆ ನಡೆಯುವ ಕಷ್ಟ ಬೇಡ ಎಂದರು. ಅಂಜಿನಪ್ಪನವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಸೀನನಿಗೆ ಬರುತ್ತಿತ್ತು. ಹೀಗಾಗಿ ಈಗ ಬೆಳಗ್ಗೆ ಸೀನ ಬ್ಲೀಚಿಂಗ್ ಪೌಡರಿನ ಚೀಲವನ್ನು ಸ್ಕೂಟರಿನ ಮೇಲಿಟ್ಟುಕೊಂಡು ಮುಂದೆ ಹೋಗುತ್ತಾನೆ, ಅಂಜಿನಪ್ಪ ಕೀ ಹೊತ್ತು ಹಿಂದೆ ನಡೆಯುತ್ತಾರೆ. ಬಾಮೈದನಿಗೆ ಕೆಲಸ ಸಿಕ್ಕಿತೆಂದು ಮೆಂಬರಿಗೂ ಸಮಾಧಾನ. ಊರಿನವರು ಲಿಫ್ಟ್ ಕೊಡುವುದಿಲ್ಲ, ಏಕೆಂದರೆ ಅಂಜಿನಪ್ಪನವರಿಗೆ ಈಗ ಸ್ವಂತ ಗಾಡಿ ಇದೆ.

ಹೊಸಬರೇ, ನಾನು ಹೇಳಬೇಕಾದದ್ದು ಹೆಚ್ಚು ಕಡಿಮೆ ಇಷ್ಟೇ. ರೋಗಿಗೆ ನಡೆಯಲು ಹೇಳುವುದು ಸುಲಭ. ಅವರು ನಡೆಯುವ ರಸ್ತೆಯನ್ನು ಒಮ್ಮೆ ನೀವೂ ಹೋಗಿ ನೋಡಿ. ಅಲ್ಲಿ ಯಾರು ಮಾತಾಡಿಸುತ್ತಾರೆ, ಯಾರು ಕೂರಿಸಿಕೊಳ್ಳುತ್ತಾರೆ, ನಿಂತಾಗ ಬಾಯಿಗೆ ಏನು ಕೊಡುತ್ತಾರೆ ಎಂದು ನೋಡಿ. ಮತ್ತೆ ನಿಮ್ಮ ಸಂಯೋಜಕರು ಯಶೋಗಾಥೆ ಕೇಳಿದರೆ ಮೂರು ತಿಂಗಳು ತಡ ಮಾಡಿ ಕೊಡಿ.

ಬೀಳ್ಕೊಡುಗೆಯ ದಿನಕ್ಕೆ ಅಂಜಿನಪ್ಪ ಬಂದಿದ್ದರು, ಸೀನನ ಸ್ಕೂಟರಿನ ಹಿಂದೆ ಕೂತು. ಹೆಗಲ ಮೇಲೆ ಕೀ ಇಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಭಾಷಣಗಳು ಮುಗಿದವು. ಮಾಲೂರಿನ ಬಸ್ ಹಿಡಿಯಲು ನಾನು ಶಾಲು, ಹಣ್ಣಿನ ಬುಟ್ಟಿ, ಐದು ಡೈರಿಗಳ ಚೀಲ ಹೊತ್ತು ಗೇಟಿನಿಂದ ಹೊರಗೆ ಬಂದೆ. ಸ್ಕೂಟರ್ ಪಕ್ಕಕ್ಕೆ ಬಂದು ನಿಂತಿತು. ಅಂಜಿನಪ್ಪ ಇಳಿದರು.

"ಹತ್ತಿ ಮೇಡಂ."

ಬೇಡ, ನಡೆಯುತ್ತೇನೆ ಎಂದೆ. ಐದು ವರ್ಷ ಎಲ್ಲರಿಗೂ ಹೇಳಿದವಳು, ಕೊನೆಯ ದಿನ ಸ್ಕೂಟರ್ ಹತ್ತುವುದೇ?

"ನಿಮ್ಮ ಕಾಲು ಚೆನ್ನಾಗೈತೆ, ನೀವ್ಯಾಕ್ ನಡೀಬೇಕು? ಡಾಕ್ಟ್ರು ಚೀಟಿ ಬರೆದಿರೋದು ನನಗೆ," ಎಂದು ಅವರು ಹಣ್ಣಿನ ಬುಟ್ಟಿ ಕಿತ್ತುಕೊಂಡರು. ಹತ್ತದಿದ್ದರೆ ಕೋಪವೇ ಎಂದು ಕೇಳುವ ಮುಖವನ್ನೂ ಮಾಡಿದರು. ನಾನು ಹತ್ತಿದೆ.

ಸಂಜೆಯ ಹೊತ್ತು. ಟೊಮೆಟೊ ಲಾರಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಸೀನ ಹಾರ್ನ್ ಹೊಡೆದ, ಬೈದ, ಒಂದು ಗಲ್ಲಿಗೆ ನುಗ್ಗಿ ವಾಪಸ್ಸು ಬಂದ. ನಾವು ಬಸ್ ನಿಲ್ದಾಣ ಮುಟ್ಟಿದಾಗ ಅಂಜಿನಪ್ಪ ಮಾಲೂರು ಬಸ್ಸಿನ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಜಾಗವನ್ನೂ ಹಿಡಿದಿಟ್ಟಿದ್ದರು.

ಅಭ್ಯಾಸಬಲ. ದಾರಿಯಲ್ಲಿ ಎಷ್ಟು ಸಲ ನಿಂತಿರಿ ಎಂದು ಕೇಳಿದೆ.

"ಒಂದ್ಸಲ," ಎಂದರು. "ಇಲ್ಲೇ. ನೀವು ಬರ್ಲಿ ಅಂತ."